ಡಾಕ್ಟರ್ ಕೇಳಿದಾಗ ‘ತಾನೇ ಬಿದ್ದ’ ಅನ್ನಬೇಡಿ

ಹಾಸನದ ಕೋರ್ಟಿನಲ್ಲಿ ಅಪಘಾತದ ಕೇಸು ನಡೆಸುವವಳು ನಾನು. ನನ್ನ ಹತ್ತಿರ ಬರುವವರು ಮೊದಲು ಬಿಲ್ಲಿನ ಕಟ್ಟು ಬಿಚ್ಚುತ್ತಾರೆ. ಮೆಡಿಕಲ್ ಶಾಪಿನ ಚೀಟಿ, ಆಂಬುಲೆನ್ಸ್ ರಸೀದಿ ಎಲ್ಲಾ ಜೋಪಾನವಾಗಿರುತ್ತವೆ. ನಾನು ಹುಡುಕುವ ಹಾಳೆ ಬೇರೆ. ಮೊದಲ ದಿನ ಡಾಕ್ಟರು ‘ಏನಾಯ್ತು?’ ಎಂದು ಕೇಳಿ ಬರೆದುಕೊಂಡ ಎರಡು ಸಾಲು.

ಅಲ್ಲಿ ‘ಮನೆ ಮೆಟ್ಟಿಲಿಂದ ಬಿದ್ದ’ ಎಂದಿದ್ದರೆ ನನಗೆ ಹೊಟ್ಟೆ ಉರಿಯುತ್ತದೆ. ಗುದ್ದಿದ್ದು ಗಾಡಿ. ಹಾಗೆ ಹೇಳಿಸಿದ್ದು ಗಾಡಿಯವರು. ‘ಪೊಲೀಸ್ ಕೇಸು ಬೇಡ, ಆಸ್ಪತ್ರೆ ಖರ್ಚು ನಾನೇ ನೋಡ್ಕೋತೀನಿ.’

ಬಾಳ್ಳುಪೇಟೆ ಕಡೆಯ ಒಬ್ಬರಿಗೆ ಪರಿಚಯದವರದೇ ಜೀಪು ಗುದ್ದಿತು. ಮೊದಲ ದಿನ ಇಪ್ಪತ್ತು ಸಾವಿರ ಕೊಟ್ಟರು. ಕಾಲಿಗೆ ರಾಡ್ ಹಾಕಿ ಬಿಲ್ಲು ಎರಡು ಲಕ್ಷ ದಾಟಿದ ಮೇಲೆ ಫೋನ್ ಎತ್ತಲಿಲ್ಲ. ಇವರು ನಾಲ್ಕನೇ ತಿಂಗಳು ಬಂದರು. ‘ಮೇಡಂ, ಅವರಿಗೆ ಯಾಕೆ ತೊಂದರೆ ಕೊಡೋದು ಅಂತ ಸುಮ್ನಿದ್ದೆ’ ಎಂದರು. ಒಳ್ಳೆಯ ಮನುಷ್ಯ. ಇನ್ಶೂರೆನ್ಸ್ ಕಡೆಯ ವಕೀಲರು ಆಸ್ಪತ್ರೆಯ ಕೇಸ್ ಶೀಟ್ ತರಿಸಿ ಆ ಎರಡು ಸಾಲು ಓದಿದರು. ಕೇಸು ಬಿದ್ದುಹೋಯಿತು.

ಎಷ್ಟು ಸಲ ಹೇಳಿದರೂ ಜನರ ತಲೆಗೆ ಹೋಗದ ಮಾತು ಇದು: ನೀವು ಕೇಸು ಹಾಕಿದರೆ ಸಾಮಾನ್ಯವಾಗಿ ದುಡ್ಡು ಕೊಡುವುದು ಗಾಡಿಯವರಲ್ಲ, ಇನ್ಶೂರೆನ್ಸ್ ಕಂಪನಿ. ಥರ್ಡ್ ಪಾರ್ಟಿ ವಿಮೆಯನ್ನು, ಅಂದರೆ ಗಾಡಿಯಿಂದ ಬೇರೆಯವರಿಗೆ ಆಗುವ ಹಾನಿಗೆ ಮಾಡಿಸುವ ವಿಮೆಯನ್ನು, ಕಾನೂನು ಕಡ್ಡಾಯ ಮಾಡಿರುವುದೇ ಇದಕ್ಕೆ. ವಿಮೆ ಚಾಲ್ತಿಯಲ್ಲಿದ್ದು, ಡ್ರೈವರ್‌ಗೆ ಸರಿಯಾದ ಲೈಸೆನ್ಸ್ ಇದ್ದರೆ ನಿಮ್ಮ ಪರಿಚಯದವರ ಮನೆ ಮುಳುಗುವುದಿಲ್ಲ. ಡ್ರೈವರ್ ಮೇಲೆ ಕ್ರಿಮಿನಲ್ ಕೇಸು ಆಗುತ್ತದೆ, ನಿಜ. ಆದರೆ ದಾಕ್ಷಿಣ್ಯಕ್ಕೆ ಸುಳ್ಳು ಹೇಳಿದರೆ ಉಳಿಯುವುದು ಕಂಪನಿಯ ದುಡ್ಡು. ಸಾಲ ಆಗುವುದು ನಿಮಗೆ.

ದೂರು ತಡವಾಗಿದೆ ಎಂಬುದೊಂದೇ ಕಾರಣಕ್ಕೆ ಕ್ಲೇಮು ತಳ್ಳಬಾರದೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಮನೆಯವರೆಲ್ಲ ಆಸ್ಪತ್ರೆಯಲ್ಲಿದ್ದರು ಎಂದರೆ ಜಡ್ಜ್‌ಗೂ ಅರ್ಥವಾಗುತ್ತದೆ. ತಡಕ್ಕೆ ಕಾರಣ ಕೊಡಬಹುದು. ಮೊದಲ ದಿನವೇ ಬೇರೆ ಕಥೆ ಹೇಳಿದ್ದಕ್ಕೆ ಏನು ಕಾರಣ ಕೊಡಲಿ? ಹಾಗಂತ ತಿಂಗಳುಗಟ್ಟಲೆ ಕೂರಬೇಡಿ. 2022ರ ಏಪ್ರಿಲ್‌ನಿಂದ ಕ್ಲೇಮಿಗೆ 6 ತಿಂಗಳ ಗಡುವು ಬಂದಿದೆ.

2025ರಲ್ಲಿ ಬಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಮೊದಲ 7 ದಿನಕ್ಕೆ 1.5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಅಲ್ಲೂ ಇದು ರಸ್ತೆ ಅಪಘಾತವೆಂದು ಪೊಲೀಸರು ಖಚಿತಪಡಿಸಬೇಕು. ‘ಮೆಟ್ಟಿಲು’ ಎಂದವರಿಗೆ ಅದೂ ಇಲ್ಲ.

ತೋಟದ ಕೆಲಸದಲ್ಲೂ ಇದೇ ಪಾಡು. ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕುಯ್ಯುವಾಗ ಬಿದ್ದವರನ್ನು ‘ಮನೇಲಿ ಬಿದ್ದೆ ಅನ್ನು’ ಎಂದು ಕಳಿಸುತ್ತಾರೆ. ಕೆಲಸದಲ್ಲಿ ಆದ ಗಾಯದ ಚಿಕಿತ್ಸೆಗೆ ತಗುಲಿದ ನಿಜವಾದ ಖರ್ಚನ್ನು ಮಾಲೀಕರು ಕೊಡಬೇಕೆಂದು ಕಾರ್ಮಿಕರ ಪರಿಹಾರದ ಕಾಯ್ದೆಗೆ 2009ರ ತಿದ್ದುಪಡಿಯಲ್ಲೇ ಸೇರಿಸಿದ್ದಾರೆ. ಅದು ಅಂಗವೈಕಲ್ಯದ ಪರಿಹಾರದಲ್ಲಿ ಕಳೆಯುವ ಹಣವೂ ಅಲ್ಲ.

ಇನ್ನೊಂದು ಮಾತು. ನಿಜವಾಗಿಯೂ ತಾನೇ ಸ್ಕಿಡ್ ಆಗಿ ಬಿದ್ದಿದ್ದರೆ ಅದನ್ನೇ ಹೇಳಿ. ಯಾರದೋ ಗಾಡಿ ನಂಬರ್ ತಂದು ‘ಸೇರಿಸಿ ಮೇಡಂ’ ಎನ್ನುವವರನ್ನು ನಾನು ಬಾಗಿಲಲ್ಲೇ ಕಳಿಸುತ್ತೇನೆ. ಅದು ಅಪರಾಧ.

ಗಾಬರಿಯಲ್ಲಿ ತಪ್ಪು ಹೇಳಿಬಿಟ್ಟಿದ್ದರೆ ಮಾರನೇ ದಿನವೇ ಅದೇ ಡಾಕ್ಟರ ಹತ್ತಿರ ಹೋಗಿ ನಡೆದದ್ದನ್ನು ಹೇಳಿ, ಬರೆದುಕೊಳ್ಳಲು ಕೇಳಿ. ಅಂದೇ ಸ್ಟೇಷನ್ನಿಗೆ ಹೋಗಿ ದೂರು ಕೊಡಿ. ಇಷ್ಟು ಬೇಗ ಸರಿಮಾಡಿಕೊಂಡವರ ಕೇಸು ಉಳಿದದ್ದನ್ನು ನಾನು ನೋಡಿದ್ದೇನೆ.