ನೂರಕ್ಕೆ ಇಪ್ಪತ್ತೇಳೋ, ನಲವತ್ತೇಳೋ?

2020ರ ಮಳೆಗಾಲದಲ್ಲಿ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯ ಚಹಾದಂಗಡಿಗಳಲ್ಲಿ ಕೊರೊನಾ ಬಗ್ಗೆ ಒಂದು ಮಾತು ಓಡಾಡುತ್ತಿತ್ತು: “ಎಲ್ರಿಗೂ ಬಂದು ಹೋಗೈತಿ ಬಿಡ್ರಿ, ಟೆಸ್ಟ್ ಮಾಡಿಸಿದವ್ರಿಗಷ್ಟೇ ಗೊತ್ತಾಗೈತಿ.” ಎರಡನೆಯ ಅರ್ಧ ಬಹುಮಟ್ಟಿಗೆ ನಿಜ. ಮೊದಲ ಅರ್ಧವನ್ನು ಅಳೆದೇ ನೋಡಬೇಕು. ಅಳೆಯಲು ಹೊರಟವರಿಗೆ ಸಿಕ್ಕ ಉತ್ತರ ಒಂದಲ್ಲ.

ಗಂಟಲು ದ್ರವದ ಪರೀಕ್ಷೆ ಇವತ್ತು ಮೈಯಲ್ಲಿರುವ ವೈರಾಣುವನ್ನು ಹಿಡಿಯುತ್ತದೆ. ಅದು ಹೊರಟುಹೋದ ಮೇಲೆ ರಕ್ತದಲ್ಲಿ ಉಳಿಯುವ ಗುರುತು ಪ್ರತಿಕಾಯ, ಅಂದರೆ ವೈರಾಣುವಿನ ವಿರುದ್ಧ ಮೈ ತಯಾರಿಸಿಕೊಳ್ಳುವ ಪ್ರೋಟೀನು. ಸೋಂಕು ತಗುಲಿ ಸುಮಾರು ಎರಡು ವಾರಕ್ಕೆ ಐಜಿಜಿ ಎಂಬ ಬಗೆಯ ಪ್ರತಿಕಾಯ ಕಾಣಿಸಿಕೊಂಡು ತಿಂಗಳುಗಟ್ಟಲೆ ಇರುತ್ತದೆ. ಕೆಮ್ಮಲಿಲ್ಲ, ಜ್ವರ ಬರಲಿಲ್ಲ, ಆಸ್ಪತ್ರೆಯ ಮುಖ ನೋಡಲಿಲ್ಲ ಎನ್ನುವವರ ರಕ್ತದಲ್ಲೂ ಇರಬಹುದು. ಹಾಗಾಗಿ ಜನರಲ್ಲಿ ಕೆಲವರನ್ನು ಆರಿಸಿ ರಕ್ತ ನೋಡಿದರೆ, ಒಟ್ಟು ಎಷ್ಟು ಮಂದಿಗೆ ಬಂದು ಹೋಗಿದೆ ಎಂದು ಲೆಕ್ಕ ಹಾಕಬಹುದು. ಸೀರೋ ಸರ್ವೆ ಅಂದರೆ ಇದೇ.

ಕರ್ನಾಟಕದಲ್ಲಿ ಆ ವರ್ಷ ಇಂಥ ಎರಡು ದೊಡ್ಡ ಸಮೀಕ್ಷೆ ನಡೆದವು. ಜೂನ್ ನಡುವಿನಿಂದ ಆಗಸ್ಟ್ ಕೊನೆಯವರೆಗೆ ಸಂಶೋಧಕರ ತಂಡವೊಂದು ಮನೆಗಳನ್ನು ಆರಿಸಿಕೊಂಡು ರಕ್ತ ಪರೀಕ್ಷಿಸಿ, ನೂರಕ್ಕೆ 46.7 ಮಂದಿಗೆ ಪ್ರತಿಕಾಯವಿದೆ ಎಂದಿತು. ಹಳ್ಳಿಗಳಲ್ಲಿ 44, ಪಟ್ಟಣಗಳಲ್ಲಿ 54ರ ಹತ್ತಿರ. ಅದಾದ ಮೇಲೆ, ಸೆಪ್ಟೆಂಬರ್ 3ರಿಂದ 16ರವರೆಗೆ ರಾಜ್ಯ ಸರ್ಕಾರದ ಸಮೀಕ್ಷೆ ನಡೆಯಿತು. ಅದರಲ್ಲಿ ಪ್ರತಿಕಾಯ ಇದ್ದವರು, ಆಗಷ್ಟೇ ಸೋಂಕು ತಗುಲಿದ್ದವರು ಎಲ್ಲರನ್ನೂ ಕೂಡಿಸಿದರೂ ಸಿಕ್ಕದ್ದು 27.3. ದಿನ ಕಳೆದಂತೆ ಏರಬೇಕಾದ ಸಂಖ್ಯೆ ಇಳಿದಿತ್ತು!

ಯಾರೋ ಸುಳ್ಳು ಹೇಳಿದರು ಅಂದುಕೊಳ್ಳುವುದು ಸುಲಭ. ಅದಕ್ಕೂ ಮೊದಲು ಪರೀಕ್ಷೆಯ ಕಿಟ್ಟನ್ನೇ ನೋಡೋಣ.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಬೆಳೆಸಿದ ‘ಕೋವಿಡ್ ಕವಚ್’ ಎಲೈಸಾ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ) ಕಿಟ್ಟಿನ ಘೋಷಿತ ಗುಣ ಹೀಗಿತ್ತು: ಪ್ರತಿಕಾಯ ಇರುವ ನೂರು ಮಂದಿಯಲ್ಲಿ ಸುಮಾರು 92.4 ಮಂದಿಯನ್ನು ಅದು ಗುರುತಿಸುತ್ತದೆ. ಇಲ್ಲದ ನೂರು ಮಂದಿಯಲ್ಲಿ 97.9 ಮಂದಿಗೆ ಸರಿಯಾಗಿ ‘ಇಲ್ಲ’ ಅನ್ನುತ್ತದೆ. ಅಂದರೆ ಏನೂ ಇಲ್ಲದ ನೂರರಲ್ಲಿ ಇಬ್ಬರಿಗೆ ತಪ್ಪಾಗಿ ‘ಇದೆ’ ಎನ್ನುತ್ತದೆ. ಎರಡೇ ತಾನೆ, ಏನಾದೀತು ಅನ್ನಿಸುತ್ತದೆ. ಆಗುವುದು ದೊಡ್ಡದೇ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರ ಮೇ-ಜೂನ್‌ನಲ್ಲಿ ಮಾಡಿದ ಮೊದಲ ರಾಷ್ಟ್ರೀಯ ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಸೋಂಕು ಬಂದು ಹೋದವರು ನೂರಕ್ಕೆ 0.73. ಸಾವಿರ ಮಂದಿಯಲ್ಲಿ ಏಳು ಅನ್ನಿ. ಆ ಏಳರಲ್ಲಿ ಆರೇಳು ಮಂದಿಯನ್ನು ಕಿಟ್ ಹಿಡಿಯುತ್ತದೆ. ಉಳಿದ 993 ಮಂದಿಯಲ್ಲಿ 21 ಮಂದಿಗೆ ಸುಮ್ಮಸುಮ್ಮನೆ ಪಾಸಿಟಿವ್ ಕೊಡುತ್ತದೆ. ಪಾಸಿಟಿವ್ ಚೀಟಿ ಸಿಕ್ಕವರಲ್ಲಿ ನಾಲ್ಕರಲ್ಲಿ ಮೂರು ಸುಳ್ಳು! ಈ ಅಪಾಯ ಗೊತ್ತಿದ್ದೇ, ಕವಚ್‌ನಲ್ಲಿ ಪಾಸಿಟಿವ್ ಬಂದ ರಕ್ತವನ್ನು ಬೇರೊಂದು ಕಂಪನಿಯ ಕಿಟ್ಟಿನಲ್ಲಿ ಮತ್ತೆ ನೋಡಿ, ಎರಡರಲ್ಲೂ ಬಂದವರನ್ನಷ್ಟೇ ಎಣಿಸಿದರು. ಅದೇ ವರ್ಷದ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾದಲ್ಲಿ ಫೇಸ್‌ಬುಕ್ ಜಾಹೀರಾತು ನೋಡಿ ಬಂದ 3,330 ಮಂದಿಯಲ್ಲಿ 50 ಮಂದಿಗೆ ಪಾಸಿಟಿವ್ ಬಂದು, ಅದರ ಮೇಲೆ ದೊಡ್ಡ ಜಗಳವೇ ಎದ್ದಿತ್ತು. ಕಿಟ್ ನೂರಕ್ಕೆ ಒಂದೂವರೆ ತಪ್ಪುವಂಥದ್ದಾಗಿದ್ದರೆ ಆ ಐವತ್ತೂ ಸುಳ್ಳಾಗಿರಬಹುದಲ್ಲ ಎಂಬುದು ಟೀಕಾಕಾರರ ಪ್ರಶ್ನೆ.

ಈಗ ಅದೇ ಕವಚ್ ಕಿಟ್ಟನ್ನು ಸೋಂಕು ದಟ್ಟವಾಗಿ ಹಬ್ಬಿದ ಊರಿಗೆ ತನ್ನಿ. ಸಾವಿರದಲ್ಲಿ 400 ಮಂದಿಗೆ ಬಂದು ಹೋಗಿದೆ ಎಂದುಕೊಳ್ಳಿ. ಕಿಟ್ 370 ಮಂದಿಯನ್ನು ಹಿಡಿದು 30 ಮಂದಿಯನ್ನು ಬಿಡುತ್ತದೆ. ಸುಳ್ಳು ಪಾಸಿಟಿವ್ 13. ಒಟ್ಟು 383. ಅಂದರೆ ನೂರಕ್ಕೆ 38.3. ಇದನ್ನು ಸರಿಪಡಿಸುವ ದಾರಿ ರೋಗನ್ ಮತ್ತು ಗ್ಲಾಡೆನ್ ಎಂಬಿಬ್ಬರು 1978ರಲ್ಲೇ ಬರೆದಿಟ್ಟ ಸೂತ್ರ: 38.3ರಿಂದ ಸುಳ್ಳಿನ ಪಾಲು 2.1 ಕಳೆಯಿರಿ, ಉಳಿದ 36.2ನ್ನು 0.903ರಿಂದ ಭಾಗಿಸಿ. 40 ಬರುತ್ತದೆ. (0.903 ಎಂದರೆ 0.924ರಲ್ಲಿ 0.021 ಕಳೆದದ್ದು.) ರೋಗ ಅಪರೂಪವಿದ್ದಾಗ ಲೆಕ್ಕವನ್ನೇ ಕೆಡಿಸುವ ತಪ್ಪು, ರೋಗ ಹಬ್ಬಿದ ಮೇಲೆ ಹೆಚ್ಚೇನೂ ಕಾಡುವುದಿಲ್ಲ.

ಆದರೆ ಆ 92.4 ಎಲ್ಲರಿಗೂ ಹೊಂದುತ್ತದೆಯೇ ಎಂಬ ಅನುಮಾನ ಉಳಿಯುತ್ತದೆ. ಇಂಥ ಅಂಕಿಗಳು ಹೆಚ್ಚಾಗಿ ಆಸ್ಪತ್ರೆಗೆ ಸೇರಿದ ರೋಗಿಗಳ ರಕ್ತದಿಂದ ಬರುತ್ತವೆ, ಅವರಲ್ಲಿ ಪ್ರತಿಕಾಯ ಜೋರಾಗಿರುತ್ತದೆ. ನೆಗಡಿಯಷ್ಟೇ ಬಂದು ಹೋದವರಲ್ಲಿ ಅದು ತೆಳು, ಬೇಗ ಇಳಿಯುತ್ತದೆ ಕೂಡ. ಅಂಥವರನ್ನು ಕಿಟ್ ಬಿಟ್ಟುಬಿಟ್ಟರೆ ಸಂಖ್ಯೆ ತಗ್ಗುತ್ತದೆ. ಎರಡು ಸಮೀಕ್ಷೆಗಳು ಬಳಸಿದ ಕಿಟ್ ಬೇರೆ ಬೇರೆ, ಹಾಗಾಗಿ 27ಕ್ಕೂ 47ಕ್ಕೂ ನಡುವಿನ ಅಂತರದಲ್ಲಿ ಇದರ ಪಾಲೂ ಇರಬಹುದು.

ಇನ್ನು ಯಾರ ರಕ್ತ ತೆಗೆದರು ಎಂಬುದು. ಸಿಂಧನೂರು, ಗಂಗಾವತಿ ಕಡೆ ಭತ್ತ ಕೊಳ್ಳುವವರು ಮೇಲಿನ ಚೀಲದ ಬಾಯಿ ಬಿಚ್ಚಿ ಒಂದು ಹಿಡಿ ನೋಡಿ ದರ ಕೂಗುವುದಿಲ್ಲ. ಅಡಿಯ ಚೀಲಕ್ಕೂ ಕೊಳವೆ ಚುಚ್ಚಿ ಕಾಳು ತೆಗೆಯುತ್ತಾರೆ. ರಾಜ್ಯದ ಸಮೀಕ್ಷೆ ಆಸ್ಪತ್ರೆಗಳನ್ನು ನೆಚ್ಚಿಕೊಂಡಿತ್ತು. ತಪಾಸಣೆಗೆ ಬಂದ ಗರ್ಭಿಣಿಯರು, ರೋಗಿಗಳ ಜೊತೆ ಬಂದವರು, ಬಸ್ ಕಂಡಕ್ಟರು, ಆಟೋದವರು, ವ್ಯಾಪಾರಿಗಳು, ವಯಸ್ಸಾದವರು ಹೀಗೆ ಗುಂಪು ಮಾಡಿ ಆರಿಸಿದ್ದರು. ಬೇಗ ಮುಗಿಯುವ, ಖರ್ಚು ಕಡಿಮೆಯ ದಾರಿ. ಆದರೆ ಸೋಂಕಿನ ಭಯಕ್ಕೆ ಆ ತಿಂಗಳು ಆಸ್ಪತ್ರೆಯ ಹತ್ತಿರವೂ ಸುಳಿಯದವರು ಅದರಲ್ಲಿಲ್ಲ.

ಮನೆಮನೆಗೆ ಹೋಗುವುದೇ ಸರಿ ಎಂದು ನನ್ನ ಅಭಿಪ್ರಾಯ, ಆದರೆ ನಮ್ಮ ಕಡೆ ಅದೂ ಸಲೀಸಲ್ಲ. ರಾಯಚೂರು, ಕೊಪ್ಪಳದ ಒಣಭೂಮಿಯ ಹಳ್ಳಿಗಳಿಂದ ಪ್ರತಿ ವರ್ಷ ಜನ ಗುಳೆ ಹೋಗುತ್ತಾರೆ. ಚೀಟಿ ಎತ್ತಿ ಆರಿಸಿದ ಮನೆಗೆ ಹೋದರೆ ಬಾಗಿಲಿಗೆ ಬೀಗ. ಪಕ್ಕದ ಮನೆಯಲ್ಲಿ ಸಿಕ್ಕವರ ರಕ್ತ ತೆಗೆದುಕೊಂಡರಾಯಿತು ಅಂದರೆ, ದುಡಿಯಲು ಬೆಂಗಳೂರಿಗೆ ಹೋಗಿ ಶೆಡ್ಡಿನಲ್ಲಿ ಹತ್ತು ಮಂದಿ ಜೊತೆ ಮಲಗಿದವನು ಲೆಕ್ಕದಿಂದ ಜಾರಿಹೋದ. ನೀರಾವರಿ ಊರುಗಳಲ್ಲಿ ನಾಟಿಯ ಕಾಲಕ್ಕೆ ಹೋದರೆ ಮನೆಯಲ್ಲಿ ಸಿಗುವವರು ಮುದುಕರು, ಮಕ್ಕಳು. ಬೆಳಗ್ಗೆ ಆರಕ್ಕೆ ಮುಂಚೆಯೋ ದೀಪ ಹಚ್ಚುವ ಹೊತ್ತಿಗೋ ಹೋಗಬೇಕು.

ಇನ್ನೊಂದು ತೊಡಕು, ಒಂದೇ ಊರಿನ ಜನ ಒಂದೇ ಥರ. ಐಸಿಎಂಆರ್ ಆರಿಸಿದ 70 ಜಿಲ್ಲೆಗಳಲ್ಲಿ ಪ್ರತಿಯೊಂದರಲ್ಲೂ ಹತ್ತು ಹಳ್ಳಿ ಅಥವಾ ವಾರ್ಡು, ಒಂದೊಂದರಲ್ಲಿ 40 ಮಂದಿ. ಕರ್ನಾಟಕದಿಂದ ಬೆಂಗಳೂರು ನಗರ, ಚಿತ್ರದುರ್ಗ, ಕಲಬುರಗಿ ಇದ್ದವು, ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಮೂರೂ ಇರಲಿಲ್ಲ. ಬಳ್ಳಾರಿ ಇತ್ತು ಅಂದುಕೊಳ್ಳಿ. 2020ರ ಜೂನ್‌ನಲ್ಲಿ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಕಾರ್ಮಿಕರಲ್ಲಿ ಸೋಂಕು ಹಬ್ಬಿತ್ತು. ಹತ್ತರಲ್ಲಿ ಒಂದು ಚೀಟಿ ಅಲ್ಲಿಗೆ ಬಿದ್ದರೆ ಜಿಲ್ಲೆಯ ಸಂಖ್ಯೆಯೇ ಏರುತ್ತದೆ, ಬೀಳದಿದ್ದರೆ ಇಳಿಯುತ್ತದೆ. ಹೀಗಾಗಿ ಒಂದು ಊರಿನ ನಲವತ್ತು ಮಂದಿ ಜಿಲ್ಲೆಯ ಬಗ್ಗೆ ಹತ್ತಿಪ್ಪತ್ತು ಮಂದಿಯಷ್ಟೇ ಸುದ್ದಿ ಹೇಳಬಹುದು. ಪಟ್ಟಿ ಮಾಡಿ ಯಾವ ಜಿಲ್ಲೆ ಮೇಲೆ, ಯಾವುದು ಕೆಳಗೆ ಎಂದು ತಲೆಬರಹ ಕೊಡುವವರು ಸಂಖ್ಯೆ ಹೀಗೆ ಎಷ್ಟು ಆಚೀಚೆಯಾಗಬಹುದು ಎಂಬುದನ್ನು ಬಿಟ್ಟೇ ಅಚ್ಚು ಹಾಕುತ್ತಾರೆ. ಆಗಿನ ಬಳ್ಳಾರಿಯಲ್ಲಿ ಹೊಸಪೇಟೆ, ಕೂಡ್ಲಿಗಿಯೂ ಇದ್ದವು. ವಿಜಯನಗರ ಜಿಲ್ಲೆಯಾದದ್ದು 2021ರಲ್ಲಿ. ಆಗ ಬಳ್ಳಾರಿಗೆಂದು ಕೊಟ್ಟ ಸಂಖ್ಯೆಯನ್ನು ಇಂದಿನ ಜಿಲ್ಲೆಗೆ ಅಂಟಿಸುವಂತಿಲ್ಲ.

ಇಷ್ಟೆಲ್ಲ ಗೊಂದಲವಿದ್ದರೂ ಎರಡೂ ಸಮೀಕ್ಷೆ ಒಂದು ವಿಷಯದಲ್ಲಿ ಒಂದೇ ಮಾತು ಹೇಳಿದವು. ಕಡಿಮೆ ಹೇಳಿದ ಸರ್ಕಾರದ ಲೆಕ್ಕದಲ್ಲೇ 1.93 ಕೋಟಿ ಜನರಿಗೆ ಸೋಂಕು ತಗುಲಿತ್ತು. ದಾಖಲಾದ ಪ್ರಕರಣ ಐದು ಲಕ್ಷದೊಳಗೆ. ಒಂದು ದಾಖಲೆಗೆ ಸುಮಾರು ನಲವತ್ತು ಸೋಂಕು. ಸಾವಿನ ಪ್ರಮಾಣವನ್ನು ದಾಖಲೆಯ ಮೇಲೆ ಹಾಕಿದರೆ ನೂರಕ್ಕೆ ಒಂದೂವರೆ ಬರುತ್ತಿತ್ತು, ಸೋಂಕಿನ ಮೇಲೆ ಹಾಕಿದರೆ ಸಾವಿರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಪರೀಕ್ಷೆಯಾಗದೆ ಮನೆಯಲ್ಲೇ ಸತ್ತವರು ಎರಡರಲ್ಲೂ ಇಲ್ಲ.

2021ರ ಜೂನ್-ಜುಲೈನಲ್ಲಿ ನಡೆದ ನಾಲ್ಕನೆಯ ರಾಷ್ಟ್ರೀಯ ಸಮೀಕ್ಷೆಯ ಸಂಖ್ಯೆ 67.6. ಅಷ್ಟರಲ್ಲಿ ಲಸಿಕೆ ಬಂದಿತ್ತು. ಕೋವಿಶೀಲ್ಡ್ ಹಾಕಿಸಿಕೊಂಡವರ ಮೈಯಲ್ಲಿ ವೈರಾಣುವಿನ ಹೊರಮೈಯ ಮುಳ್ಳಿನ (ಸ್ಪೈಕ್ ಪ್ರೋಟೀನಿನ) ವಿರುದ್ಧ ಮಾತ್ರ ಪ್ರತಿಕಾಯ ಹುಟ್ಟುತ್ತದೆ. ಒಳಗಿನ ಪ್ರೋಟೀನಿನ ವಿರುದ್ಧವೂ ಇದ್ದರೆ ಸೋಂಕೂ ಬಂದಿದೆ ಎಂದು ತಿಳಿಯಬಹುದು. ಕೋವ್ಯಾಕ್ಸಿನ್ ಇಡೀ ವೈರಾಣುವನ್ನೇ ಕೊಂದು ಮಾಡಿದ್ದು, ಅದು ಎರಡನ್ನೂ ಹುಟ್ಟಿಸುತ್ತದೆ. ಅದನ್ನು ಹಾಕಿಸಿಕೊಂಡವರ ರಕ್ತ ನೋಡಿ ಸೋಂಕು ಬಂದಿತ್ತೋ ಇಲ್ಲವೋ ಎಂದು ಈ ಪರೀಕ್ಷೆಯಿಂದ ಹೇಳಲಾಗದು. ಹಾಗಾಗಿ ಸೂಜಿ ಚುಚ್ಚುವ ಮೊದಲೇ ಯಾವ ಲಸಿಕೆ, ಯಾವಾಗ ಎಂದು ಕೇಳಿ ಬರೆದುಕೊಳ್ಳಬೇಕಾಯಿತು.