ಆರಾಮಿದ್ದಾಗಲೇ ಡಾಕ್ಟರಿಗೆ ತೋರಿಸಿ

ಗದಗ, ಹಾವೇರಿ ಕಡೆಯ ಯಾವುದಾದರೂ ದನದ ದವಾಖಾನೆ ಮುಂದೆ ಬೆಳಿಗ್ಗೆ ನಿಂತು ನೋಡಿ. ಎಮ್ಮೆ, ಆಕಳು, ಆಡು ಎಲ್ಲಾ ಬರುತ್ತವೆ. ನಾಯಿ ಬಂದರೆ ಒಂದೋ ಇಂಜೆಕ್ಷನ್‌ಗೆ, ಇಲ್ಲಾ ಎರಡು ದಿನದಿಂದ ಏನೂ ತಿಂದಿಲ್ಲ ಅಂತ. ಬೆಕ್ಕು ಬರೋದು ಅಪರೂಪ. ಚೆನ್ನಾಗಿ ಓಡಾಡಿಕೊಂಡಿರುವ ಪ್ರಾಣಿಯನ್ನು ಸುಮ್ನೆ ಯಾಕೆ ಒಯ್ಯಬೇಕು ಅಂತ ಕೇಳುವವರೇ ಜಾಸ್ತಿ.

ಒಯ್ಯಬೇಕಾದ್ದು ಯಾಕೆ ಅಂದರೆ, ಬೆಕ್ಕು ತನ್ನ ಕಾಯಿಲೆಯನ್ನು ಕೊನೆಯವರೆಗೂ ತೋರಿಸಿಕೊಳ್ಳುವುದಿಲ್ಲ. ವಯಸ್ಸಾದ ಬೆಕ್ಕುಗಳಿಗೆ ಕಿಡ್ನಿ ತೊಂದರೆ ತುಂಬಾ ಸಾಮಾನ್ಯ. ಆದರೆ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕಬೇಕಾದ ಕಶ್ಮಲ) ಏರಿದ್ದು ಕಾಣುವ ಹೊತ್ತಿಗೆ ಕಿಡ್ನಿಯ ಸುಮಾರು ಮುಕ್ಕಾಲು ಭಾಗ ಕೆಲಸ ನಿಲ್ಲಿಸಿರುತ್ತದೆ. ಅದಕ್ಕೂ ಮೊದಲೇ ಮೂತ್ರ ತೆಳುವಾಗುತ್ತದೆ, ತೂಕ ಇಳಿಯುತ್ತದೆ. 4 ಕೆಜಿ ಬೆಕ್ಕು 400 ಗ್ರಾಂ ಇಳಿದರೆ 60 ಕೆಜಿ ಮನುಷ್ಯ 6 ಕೆಜಿ ಇಳಿದ ಹಾಗೆ, ಆದರೆ ಆ ಕೂದಲಿನ ಮರೆಯಲ್ಲಿ ನಮ್ಮ ಕಣ್ಣಿಗೆ ಎಲ್ಲಿ ಕಾಣುತ್ತದೆ? ಹಾಗಾಗಿ ನನ್ನ ಪ್ರಕಾರ ದವಾಖಾನೆಯಲ್ಲಿ ಎಲ್ಲಕ್ಕಿಂತ ಉಪಯೋಗದ ಯಂತ್ರ ತೂಕದ್ದು. ಆರಾಮಿದ್ದಾಗ ಎಷ್ಟಿತ್ತು ಅಂತ ಬರೆದಿಟ್ಟಿರಬೇಕು, ಅಷ್ಟೇ. ನಾಯಿಗಾದರೆ ಪಕ್ಕೆಲುಬಿನ ಮೇಲೆ ಕೈ ಆಡಿಸಿ ನೋಡುತ್ತಾರೆ. ಮುಧೋಳ ನಾಯಿಗೆ ಒಂದೆರಡು ಎಲುಬು ಕಂಡರೆ ಅದು ಅದರ ಮೈಕಟ್ಟು, ಲ್ಯಾಬ್ರಡಾರ್‌ಗೆ ಕಂಡರೆ ಯೋಚಿಸಬೇಕು.

ಮರಿಗಳ ಕಥೆ ಬೇರೆ. "ಒಂದು ಇಂಜೆಕ್ಷನ್ ಆಯ್ತಲ್ಲ, ಮತ್ತೆ ಮತ್ತೆ ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ತಾಯಿಯ ಗಿಣ್ಣುಹಾಲಿನಿಂದ ಮರಿಗೆ ರೋಗ ತಡೆಯುವ ಪ್ರತಿಕಾಯಗಳು ಸಿಗುತ್ತವೆ. ಅವು ಇರುವಷ್ಟು ದಿನ ಲಸಿಕೆಯನ್ನೂ ಹೊರಗಿನ ವೈರಸ್ ಅಂತಲೇ ತಿಳಿದು ಹೊಡೆದುಹಾಕುತ್ತವೆ. ಅವು ಯಾವಾಗ ಕರಗುತ್ತವೆ ಅನ್ನೋದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ 6-8 ವಾರಕ್ಕೆ ಶುರು ಮಾಡಿ, 16 ವಾರದವರೆಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಕೊಡುತ್ತಾರೆ. ನಡುವೆ ಬಿಟ್ಟರೆ ಪಾರ್ವೋಗೆ ಬಾಗಿಲು ತೆರೆದ ಹಾಗೆ. 1978ರಲ್ಲಿ ಜಗತ್ತಿನ ಹಲವು ದೇಶಗಳಲ್ಲಿ ನಾಯಿಮರಿಗಳನ್ನು ಕೊಂದ ವೈರಸ್ ಅದು, ಇವತ್ತಿಗೂ ಹೋಗಿಲ್ಲ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ನಮ್ಮಲ್ಲಿ ವರ್ಷಕ್ಕೊಂದು. ಜಂತುಹುಳದ ಔಷಧಿ ಇನ್ನೂ ಬೇಗ, ಯಾಕಂದರೆ ನಾಯಿಮರಿಗೆ ಹುಳ ತಾಯಿಯ ಹೊಟ್ಟೆಯಲ್ಲೇ ಅಂಟಿರುತ್ತದೆ.

ಬೆಳೆದ ಮೇಲೆ ವರ್ಷಕ್ಕೊಮ್ಮೆ ತೋರಿಸಿದರೆ ಸಾಕು. ಆಗ ಡಾಕ್ಟರು ತುಟಿ ಎತ್ತಿ ಒಸಡನ್ನು ಬೆರಳಿಂದ ಒತ್ತಿ ಬಿಡುತ್ತಾರೆ, ನೋಡಿದ್ದೀರಾ? ಬೆಳ್ಳಗಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಒಸಡೇ ಬಿಳಿಚಿಕೊಂಡಿದ್ದರೆ ಕೊಕ್ಕೆಹುಳವೋ ಉಣ್ಣಿ ಜ್ವರವೋ ರಕ್ತ ಕಡಿಮೆ ಮಾಡಿರಬಹುದು. ಇದನ್ನು ಮನೆಯಲ್ಲೂ ನೋಡಬಹುದು. ಆದರೆ ಮೈ ಮುಟ್ಟಿ ಜ್ವರ ಅಂತ ತೀರ್ಮಾನಿಸಬೇಡಿ, ನಾಯಿಯ ಮೈ ಸಹಜವಾಗಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇರುತ್ತದೆ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ಗುಳಿಗೆ ಕೊಡಲೇಬಾರದು. ಒಂದೇ ಗುಳಿಗೆ ಅದರ ಜೀವ ತೆಗೆಯಬಹುದು.

ಡಾಕ್ಟರು ಊಟದ ಬಗ್ಗೆ ಕೇಳಿದಾಗ "ರೊಟ್ಟಿ-ಹಾಲು" ಅಂತ ಹೆಮ್ಮೆಯಿಂದ ಹೇಳುವವರು ನಮ್ಮಲ್ಲಿ ಬಹಳ. ನಾಯಿ ಹೇಗೋ ಹೊಂದಿಕೊಳ್ಳುತ್ತದೆ. ಬೆಕ್ಕು ಹಾಗಲ್ಲ. ಅದಕ್ಕೆ ಟಾರಿನ್ ಅನ್ನೋ ಪೋಷಕಾಂಶ ಬೇಕು, ಅದನ್ನು ಅದರ ದೇಹ ಸಾಕಷ್ಟು ತಯಾರಿಸಲಾರದು. ಮಾಂಸ, ಮೀನಿನಲ್ಲಿ ಸಿಗುತ್ತದೆ, ಜೋಳದಲ್ಲಿ ಇಲ್ಲ. ಕೊರತೆಯಾದರೆ ಕಣ್ಣು ಹೋಗುತ್ತದೆ, ಹೃದಯದ ಸ್ನಾಯು ಸೋಲುತ್ತದೆ. ಇಲಿ ಹಿಡಿಯುವ ಬೆಕ್ಕು ಬಚಾವ್. ಫ್ಲ್ಯಾಟಿನಲ್ಲಿ ಬಾಗಿಲು ಹಾಕಿ ಸಾಕಿದ ಸಸ್ಯಾಹಾರಿ ಮನೆಯ ಬೆಕ್ಕಿನ ಬಗ್ಗೆ ಮಾತ್ರ ಡಾಕ್ಟರ ಹತ್ರ ಮಾತಾಡಲೇಬೇಕು.

ನಾಯಿಯ ಒಂದು ವರ್ಷ ನಮ್ಮ ಏಳು ವರ್ಷ ಅನ್ನೋ ಲೆಕ್ಕ ಬಿಟ್ಟುಬಿಡಿ. ಒಂದು ವರ್ಷದ ಹೆಣ್ಣು ನಾಯಿ ಮರಿ ಹಾಕುತ್ತದೆ, ಏಳು ವರ್ಷದ ಹುಡುಗಿ ಒಂದನೇ ಕ್ಲಾಸೋ ಎರಡನೇ ಕ್ಲಾಸೋ ಅಲ್ವಾ? ದೊಡ್ಡ ತಳಿಗಳು ಬೇಗ ಮುದಿಯಾಗುತ್ತವೆ. ಗ್ರೇಟ್ ಡೇನ್ ಆರೇಳು ವರ್ಷಕ್ಕೇ ಅಜ್ಜ, ಸಣ್ಣ ಪೊಮೇರಿಯನ್ ಆಗಿನ್ನೂ ಗಟ್ಟಿ. ವಯಸ್ಸಾದ ಮೇಲೆ ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಮರಿ ಆಗದಂತೆ ಆಪರೇಷನ್ ಮಾಡಿಸದ ಹೆಣ್ಣು ನಾಯಿ, ಬೆದೆ ಮುಗಿದು ಕೆಲವು ವಾರಕ್ಕೆ ಜಾಸ್ತಿ ನೀರು ಕುಡಿಯುತ್ತಾ ಮಂಕಾದರೆ ಆರು ತಿಂಗಳು ಕಾಯಬೇಡಿ, ಅವತ್ತೇ ಹೋಗಿ, ಗರ್ಭಕೋಶದಲ್ಲಿ ಕೀವು ತುಂಬಿರಬಹುದು.

ಮೂತ್ರ ಪರೀಕ್ಷೆಗೆ ನಾಯಿಯ ಬೆಳಗಿನ ಮೊದಲ ಮೂತ್ರವನ್ನು ತೊಳೆದು ಒಣಗಿಸಿದ ಡಬ್ಬಿಯಲ್ಲಿ ಹಿಡಿದು ಬೇಗ ತಲುಪಿಸಿ. ಬೆಕ್ಕಿಂದ ಹಿಡಿಯುವ ಸಾಹಸಕ್ಕೆ ಹೋಗಬೇಡಿ, ಅದನ್ನು ಡಾಕ್ಟರಿಗೇ ಬಿಡಿ.