ಬಾಡಿಗೆ ಬಂದೂಕಿನ ಆಯುಷ್ಯ

1986ರ ಸೆಪ್ಟೆಂಬರ್ 5. ಮುಂಬೈನಿಂದ ಹೊರಟ ಪ್ಯಾನ್ ಆಮ್ 73 ವಿಮಾನ ಬೆಳಗಿನ ಜಾವ ಕರಾಚಿಯಲ್ಲಿ ನಿಂತಿತ್ತು. ಭದ್ರತಾ ಸಿಬ್ಬಂದಿಯ ವೇಷ ಹಾಕಿದ ನಾಲ್ವರು ಬಂದೂಕು ಹಿಡಿದು ಒಳಗೆ ನುಗ್ಗಿದರು. ಸುಮಾರು 380 ಜನರನ್ನು ಹದಿನಾರು ಗಂಟೆಗೂ ಜಾಸ್ತಿ ಹೊತ್ತು ಒತ್ತೆ ಇಟ್ಟುಕೊಂಡರು. ದೀಪಗಳು ಆರಿದ ಮೇಲೆ ಕತ್ತಲಲ್ಲೇ ಗುಂಡು ಹಾರಿಸಿದರು. ಕನಿಷ್ಠ 20 ಜನ ಸತ್ತರು. ಅವರಲ್ಲಿ ಗಗನಸಖಿ ನೀರಜಾ ಭನೋಟ್ ಒಬ್ಬರು. ಎರಡು ದಿನ ಕಳೆದಿದ್ದರೆ ಅವರಿಗೆ 23 ತುಂಬುತ್ತಿತ್ತು.

ನೀರಜಾ ಹೆಸರು ನಮಗೆಲ್ಲ ಗೊತ್ತು. ಆದರೆ ಆ ನಾಲ್ವರನ್ನು ಕಳಿಸಿದ್ದು ಯಾರು ಅಂತ ಕೇಳಿದರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಅದು ಅಬು ನಿದಾಲ್ ಎಂಬವನ ಸಂಘಟನೆ. 1980ರ ದಶಕದಲ್ಲಿ ಜಗತ್ತು ಅತಿ ಹೆಚ್ಚು ಹೆದರಿದ್ದ ಗುಂಪುಗಳಲ್ಲಿ ಒಂದು. ಅದು ಹೇಗೆ ಬೆಳೆಯಿತು, ಹೇಗೆ ಒಣಗಿಹೋಯಿತು ಅಂತ ನೋಡಿದರೆ, ಸರ್ಕಾರಗಳು ಬಂದೂಕುಧಾರಿಗಳನ್ನು ಸಾಕಿದಾಗ ಏನಾಗುತ್ತದೆ ಎಂಬುದು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಅವನ ನಿಜವಾದ ಹೆಸರು ಸಬ್ರಿ ಅಲ್-ಬನ್ನಾ. ಹುಟ್ಟಿದ್ದು 1937ರಲ್ಲಿ, ಆಗಿನ ಪ್ಯಾಲೆಸ್ಟೈನಿನ ಜಾಫಾ ಪಟ್ಟಣದಲ್ಲಿ. ಅಪ್ಪನಿಗೆ ದೊಡ್ಡ ಕಿತ್ತಳೆ ತೋಟಗಳಿದ್ದವು. ಇಸ್ರೇಲ್ ಹುಟ್ಟಿದ 1948ರ ಯುದ್ಧದಲ್ಲಿ ಮನೆ, ತೋಟ ಎಲ್ಲ ಕಳೆದುಕೊಂಡು ಕುಟುಂಬ ಗಾಜಾಕ್ಕೆ, ಆಮೇಲೆ ನಾಬ್ಲುಸ್‌ಗೆ ಹೋಯಿತು. ಆ ವರ್ಷ ಸುಮಾರು ಏಳು ಲಕ್ಷ ಪ್ಯಾಲೆಸ್ಟೀನಿಯರು ಹೀಗೇ ನೆಲೆ ಕಳೆದುಕೊಂಡರು. ಅವರಲ್ಲಿ ಬಹುಪಾಲು ಜನ ಯಾರನ್ನೂ ಕೊಲ್ಲಲಿಲ್ಲ. ಹಾಗಾಗಿ ಬಾಲ್ಯದ ನೋವೊಂದರಿಂದಲೇ ಇವನ ಮುಂದಿನ ದಾರಿಯನ್ನು ವಿವರಿಸುವುದು ನನಗೆ ಸರಿ ಕಾಣುವುದಿಲ್ಲ.

ತಿರುವು ಬಂದದ್ದು ಬಾಗ್ದಾದ್‌ನಲ್ಲಿ. ಪ್ಯಾಲೆಸ್ಟೀನಿಯರ ನಾಯಕ ಯಾಸಿರ್ ಅರಾಫತ್ ಅವರ ಫತಾ ಸಂಘಟನೆ 1970ರಲ್ಲಿ ಇವನನ್ನು ತನ್ನ ಪ್ರತಿನಿಧಿಯಾಗಿ ಅಲ್ಲಿಗೆ ಕಳಿಸಿತು. ಕೆಲವೇ ವರ್ಷಗಳಲ್ಲಿ ಇವನು ಫತಾಗಿಂತ ಇರಾಕ್ ಸರ್ಕಾರಕ್ಕೇ ಹತ್ತಿರದವನಾದ. 1974ರಲ್ಲಿ ಅರಾಫತ್ ಇಸ್ರೇಲ್ ಜೊತೆ ರಾಜಕೀಯ ಒಪ್ಪಂದದ ಕಡೆ ಒಲವು ತೋರಿಸಿದರು. ಇರಾಕ್‌ಗೆ ಅದು ಹಿಡಿಸಲಿಲ್ಲ. ಅದೇ ವರ್ಷ ಸಂಬಂಧ ಪೂರ್ತಿ ಮುರಿಯಿತು. ಫತಾ ಅವನಿಗೆ ಮರಣದಂಡನೆ ಘೋಷಿಸಿತು. ಇರಾಕ್ ಮಾಡಿದ್ದು ಬೇರೆಯೇ. ತನ್ನ ನೆಲದಲ್ಲಿ ಫತಾಗೆ ಸೇರಿದ್ದ ತರಬೇತಿ ಶಿಬಿರ, ಪತ್ರಿಕೆ, ರೇಡಿಯೊ, ಆಯುಧ, ಪಾಸ್‌ಪೋರ್ಟ್ ಎಲ್ಲವನ್ನೂ ಎತ್ತಿ ಇವನ ಕೈಗೆ ಕೊಟ್ಟಿತು. ಊರಲ್ಲಿ ಒಂದು ಸಭೆ ಕೂಡ ಮಾಡದೆ ಇಡೀ ಸಂಘಟನೆ ಸಿಕ್ಕಿಬಿಟ್ಟಿತು.

ಇಲ್ಲೇ ಇರುವುದು ಮುಖ್ಯ ವಿಷಯ. ಜನರ ನಡುವೆ ಹುಟ್ಟುವ ಸಶಸ್ತ್ರ ಗುಂಪಿಗೆ ಊಟ, ಹಣ, ಅಡಗುವ ಮನೆ, ಹೊಸ ಹುಡುಗರು ಎಲ್ಲವೂ ಆ ಜನರಿಂದಲೇ ಬರಬೇಕು. ಮಿತಿ ಮೀರಿದರೆ ಬಾಗಿಲು ಮುಚ್ಚುತ್ತದೆ. ಆ ಹೆದರಿಕೆ ಒಂದು ಮಟ್ಟಿಗೆ ಕಡಿವಾಣ. ಸಂಬಳ ಪರದೇಶದ ಸರ್ಕಾರದಿಂದ ಬಂದರೆ ಆ ಕಡಿವಾಣ ಇರುವುದಿಲ್ಲ. ಸರ್ಕಾರಕ್ಕೂ ಇದು ಅನುಕೂಲ. ಸೈನ್ಯ ಕಳಿಸಿದರೆ ಯುದ್ಧ, ಗುಂಪನ್ನು ಕಳಿಸಿದರೆ ‘ನಮಗೂ ಅದಕ್ಕೂ ಸಂಬಂಧ ಇಲ್ಲ’ ಎನ್ನಬಹುದು ಅಲ್ವಾ?

ಮಾವಿನ ಕೊಂಬೆಯ ಮೇಲೆ ಬಂದಳಿಕೆ ನೋಡಿರುತ್ತೀರಿ. ಅದರ ಎಲೆ ಹಸಿರಾಗಿರುತ್ತದೆ, ಹೂ ಬಿಡುತ್ತದೆ, ದೂರದಿಂದ ಸ್ವಂತ ಗಿಡದ ಹಾಗೇ ಕಾಣುತ್ತದೆ. ಆದರೆ ಅದರ ಬೇರು ಮಣ್ಣು ಮುಟ್ಟಿರುವುದಿಲ್ಲ. ಕೊಂಬೆಯೊಳಗೆ ಇಳಿದು ಮರದ ನೀರು, ಲವಣ ಹೀರುತ್ತದೆ. ಅಬು ನಿದಾಲ್ ಸಂಘಟನೆ ಇದ್ದದ್ದೂ ಹೀಗೇ.

ಮರ ಬದಲಾದ ಹಾಗೆಲ್ಲ ಗುರಿಯೂ ಬದಲಾಯಿತು. ಇರಾಕ್‌ಗೆ ಸಿರಿಯಾ ಮೇಲೆ ಸಿಟ್ಟಿದ್ದಾಗ, 1976ರಲ್ಲಿ, ಡಮಾಸ್ಕಸ್‌ನ ಹೋಟೆಲ್ ಮೇಲೆ ದಾಳಿ ನಡೆಯಿತು. ಇರಾನ್ ಜೊತೆ ಯುದ್ಧಕ್ಕೆ ಇಳಿದ ಸದ್ದಾಂ ಹುಸೇನ್‌ಗೆ ಅಮೆರಿಕದ ಸ್ನೇಹ ಬೇಕಾಯಿತು. 1983ರಲ್ಲಿ ಗುಂಪನ್ನು ಹೊರಗೆ ಹಾಕಿದರು. ಆಸರೆ ಕೊಟ್ಟದ್ದು ಯಾರು? ಅದೇ ಸಿರಿಯಾ! ಸಿರಿಯಾಗೆ ಆಗ ಜೋರ್ಡಾನ್ ಮೇಲೆ ಕೋಪ. ಜೋರ್ಡಾನಿನ ರಾಯಭಾರಿಗಳಿಗೆ ಗುಂಡೇಟು ಬೀಳತೊಡಗಿತು, ಒಂದು ದಾಳಿ ನಮ್ಮ ದೆಹಲಿಯಲ್ಲೇ ನಡೆಯಿತು. 1984ರ ನವೆಂಬರ್‌ನಲ್ಲಿ ಮುಂಬೈನಲ್ಲಿ ಬ್ರಿಟನ್ನಿನ ರಾಜತಾಂತ್ರಿಕ ಪರ್ಸಿ ನಾರಿಸ್ ಹತ್ಯೆಯಾಯಿತು. 1985ರ ಡಿಸೆಂಬರ್ 27ರಂದು ರೋಮ್ ಮತ್ತು ವಿಯೆನ್ನಾ ವಿಮಾನ ನಿಲ್ದಾಣಗಳಲ್ಲಿ ಒಂದೇ ಬೆಳಿಗ್ಗೆ ಪ್ರಯಾಣಿಕರ ಮೇಲೆ ಗ್ರೆನೇಡ್ ಎಸೆದು ಗುಂಡು ಹಾರಿಸಿದರು. ಅಮೆರಿಕದ ವಿದೇಶಾಂಗ ಇಲಾಖೆಯ ಲೆಕ್ಕದಲ್ಲಿ ಈ ಗುಂಪು 20 ದೇಶಗಳಲ್ಲಿ ಸುಮಾರು 900 ಜನರನ್ನು ಕೊಂದಿದೆ ಅಥವಾ ಗಾಯಗೊಳಿಸಿದೆ.

ಇದರಿಂದ ಪ್ಯಾಲೆಸ್ಟೀನಿಯರಿಗೆ ಸಿಕ್ಕಿದ್ದೇನು? ಈ ಪ್ರಶ್ನೆ ನನ್ನನ್ನು ತುಂಬಾ ಕಾಡುತ್ತದೆ. ಇಸ್ರೇಲಿಗರ ಜೊತೆ ಮಾತಾಡೋಣ ಎಂದ ಪ್ಯಾಲೆಸ್ಟೀನಿಯರನ್ನೇ ಇವರು ಹುಡುಕಿ ಕೊಂದರು. 1978ರಲ್ಲಿ ಲಂಡನ್ನಿನಲ್ಲಿ ಸಯೀದ್ ಹಮ್ಮಾಮಿ. 1983ರಲ್ಲಿ ಪೋರ್ಚುಗಲ್‌ನಲ್ಲಿ ಇಸ್ಸಾಂ ಸರ್ತಾವಿ, ಹೃದ್ರೋಗ ವೈದ್ಯರಾಗಿದ್ದವರು. ಆ ಮಾತುಗಳನ್ನು ಆಡಲು ಬೇಕಾದ ಧೈರ್ಯ ಸಣ್ಣದಲ್ಲ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು 1982ರ ಜೂನ್ 3ರಂದು. ಲಂಡನ್ನಿನ ಡಾರ್ಚೆಸ್ಟರ್ ಹೋಟೆಲಿನ ಹೊರಗೆ ಇಸ್ರೇಲಿ ರಾಯಭಾರಿ ಶ್ಲೋಮೊ ಆರ್ಗೊವ್ ತಲೆಗೆ ಗುಂಡು ಬಿತ್ತು. ಹೊಡೆದದ್ದು ಅರಾಫತ್ ಅವರ ಕಡು ವೈರಿಯ ಗುಂಪು. ಆದರೂ ಮೂರನೇ ದಿನಕ್ಕೆ ಇಸ್ರೇಲ್ ಸೈನ್ಯ ಲೆಬನಾನ್‌ಗೆ ನುಗ್ಗಿ, ಅಲ್ಲಿ ನೆಲೆಸಿದ್ದ ಅರಾಫತ್ ಅವರ ಸಂಘಟನೆಯನ್ನೇ ಹೊಡೆಯಿತು. ಬೇಸಿಗೆ ಮುಗಿಯುವುದರೊಳಗೆ ಅರಾಫತ್ ಬೈರೂತ್ ಬಿಟ್ಟು ಹೊರಟರು. ಸಾವಿರಾರು ಜನ ಸತ್ತರು.

ಕುಸಿತವೂ ಮರದಿಂದಲೇ ಶುರುವಾಯಿತು. 1986ರಲ್ಲಿ ಲಂಡನ್ನಿನಿಂದ ಹೊರಡುವ ಇಸ್ರೇಲಿ ವಿಮಾನಕ್ಕೆ ಬಾಂಬ್ ಇಡುವ ಸಂಚು ಸಿಕ್ಕಿಬಿದ್ದು, ಅದರಲ್ಲಿ ಸಿರಿಯಾದ ಕೈವಾಡ ಇದೆ ಎಂದು ಬ್ರಿಟನ್ ಸಿರಿಯಾ ಜೊತೆ ಸಂಬಂಧ ಕಡಿದುಕೊಂಡಿತು. ಸಿರಿಯಾ ತನ್ನ ಹೆಸರು ಉಳಿಸಿಕೊಳ್ಳಲು 1987ರಲ್ಲಿ ಇವರನ್ನು ಹೊರಗಟ್ಟಿತು. ಅಬು ನಿದಾಲ್ ಲಿಬಿಯಾದಲ್ಲಿ ಅಲ್ಲಿನ ಆಡಳಿತಗಾರ ಗದ್ದಾಫಿ ನೆರಳಿಗೆ ಹೋದ.

ಅಷ್ಟರಲ್ಲಿ ಅನುಮಾನ ಒಳಗೇ ತಿರುಗಿತ್ತು. ಸದಸ್ಯರಿಂದ ಅವರ ಜೀವನ ಚರಿತ್ರೆಯನ್ನು ಮತ್ತೆ ಮತ್ತೆ ಬರೆಸುತ್ತಿದ್ದರು. ಎರಡು ಬರಹಗಳ ನಡುವೆ ಒಂದು ವಿವರ ತಪ್ಪಿದರೂ ಗೂಢಚಾರ ಎಂಬ ಆರೋಪ, ಚಿತ್ರಹಿಂಸೆ. 1987-88ರಲ್ಲಿ ಲೆಬನಾನ್ ಮತ್ತು ಲಿಬಿಯಾದಲ್ಲಿ ತಮ್ಮವರನ್ನೇ ಸಾಲಾಗಿ ಕೊಂದರು. ಗುಂಪು ಬಿಟ್ಟು ಬಂದವರು ಹೇಳಿದ ಲೆಕ್ಕ ಸುಮಾರು 600. ಸತ್ತವರು ಹೆಚ್ಚಾಗಿ ನಿರಾಶ್ರಿತ ಶಿಬಿರಗಳಿಂದ ಬಂದ ಹುಡುಗರು. ಅವರಿಗಾಗಿ ಅಳುವ ಮನೆಗಳಿದ್ದವು, ಶವ ಮಾತ್ರ ಸಿಗಲಿಲ್ಲ.

1989ರಲ್ಲಿ ಗುಂಪಿನ ಹಿರಿಯ ನಾಯಕರು ಬಹಿರಂಗವಾಗಿ ಬಿಟ್ಟುಹೋದರು. ಶೀತಲ ಸಮರ ಮುಗಿದು ಪೂರ್ವ ಯುರೋಪಿನಲ್ಲಿ ಗುಂಪು ನಡೆಸುತ್ತಿದ್ದ ವ್ಯವಹಾರಗಳು ನಿಂತವು. ಗುಂಪಿನ ಹಣವಿದ್ದ ಬಿಸಿಸಿಐ (ಕ್ರಿಕೆಟ್ ಮಂಡಳಿಯಲ್ಲ, ಅದೇ ಹೆಸರಿನ ಅಂತರರಾಷ್ಟ್ರೀಯ ಬ್ಯಾಂಕ್) 1991ರಲ್ಲಿ ಮುಚ್ಚಿತು. 1988ರಲ್ಲಿ ಸ್ಕಾಟ್ಲೆಂಡಿನ ಲಾಕರ್ಬಿ ಮೇಲೆ ವಿಮಾನ ಸ್ಫೋಟಿಸಿದ ಪ್ರಕರಣದ ನಿರ್ಬಂಧಗಳಿಂದ ಬಿಡಿಸಿಕೊಳ್ಳಬೇಕಿದ್ದ ಲಿಬಿಯಾ ಕೂಡ 1999ರ ಹೊತ್ತಿಗೆ ಕೈಬಿಟ್ಟಿತು. ಅವನು ಬಾಗ್ದಾದ್‌ಗೇ ಮರಳಿದ. 2002ರ ಆಗಸ್ಟ್‌ನಲ್ಲಿ ಅಲ್ಲೇ ಗುಂಡೇಟಿನಿಂದ ಸತ್ತ. ಆತ್ಮಹತ್ಯೆ ಎಂದಿತು ಇರಾಕ್ ಸರ್ಕಾರ. ಬಹಳ ಜನ ನಂಬಲಿಲ್ಲ.

ಆರ್ಗೊವ್ ಆಗಲೂ ಜೆರುಸಲೇಮಿನ ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದರು. ತಮ್ಮ ಮೇಲಿನ ದಾಳಿಯನ್ನೇ ನೆಪ ಮಾಡಿಕೊಂಡು ನಡೆದ ಲೆಬನಾನ್ ಯುದ್ಧವನ್ನು 1983ರಲ್ಲಿ ಆ ಹಾಸಿಗೆಯಿಂದಲೇ ಅವರು ಟೀಕಿಸಿದ್ದರು. 2003ರ ಫೆಬ್ರವರಿಯಲ್ಲಿ ತೀರಿಕೊಂಡರು.